ಔಷಧಿ ತಲುಪಿದ ಮೇಲೆ

ಉತ್ತರ ಧ್ರುವದ ಆಸುಪಾಸಿನ ಹಳ್ಳಿಗಳ ಆರೋಗ್ಯ ಸೇವೆಯ ಬಗ್ಗೆ ಈಚೆಗೆ ಬರುವ ಬರಹಗಳು ಬಹುಪಾಲು ಡ್ರೋನ್‌ನಿಂದ ಶುರುವಾಗಿ ಉಪಗ್ರಹ ಇಂಟರ್ನೆಟ್‌ನಲ್ಲಿ ಮುಗಿಯುತ್ತವೆ. ದೂರವೇ ರೋಗ, ವೇಗವೇ ಮದ್ದು ಎಂಬುದು ಅವುಗಳ ಒಟ್ಟು ತಾತ್ಪರ್ಯ. ಹಾಡು ಹಳೆಯದೇ. 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಕಾಣಿಸಿಕೊಂಡಾಗ ನೆನಾನಾದಿಂದ 674 ಮೈಲಿ ದೂರಕ್ಕೆ, ಇಪ್ಪತ್ತು ಮಂದಿ ಕೈಬದಲಾಯಿಸುತ್ತ, ನಾಯಿಬಂಡಿಗಳಲ್ಲಿ ಸೀರಮ್ ಸಾಗಿಸಿದರು. ಐದೂವರೆ ದಿನ ಹಿಡಿಯಿತು. ಕೊನೆಯ ಬಂಡಿ ಎಳೆದ ಬಾಲ್ಟೊ ಎಂಬ ನಾಯಿಗೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ಪ್ರತಿಮೆ ಎದ್ದಿತು. ನೋಮ್ ಸುತ್ತಲಿನ ಮೂಲನಿವಾಸಿ ಶಿಬಿರಗಳಲ್ಲಿ ಸತ್ತವರ ಲೆಕ್ಕವನ್ನು ಮಾತ್ರ ಯಾರೂ ಸರಿಯಾಗಿ ಇಡಲಿಲ್ಲ. ಸಮುದಾಯ ಆರೋಗ್ಯದ ಪಾಠ ಹೇಳುತ್ತಲೇ ತಲೆ ನರೆತ ನನ್ನಂಥವರಿಗೆ ಡ್ರೋನ್ ಸುದ್ದಿ ಓದುವಾಗಲೆಲ್ಲ ಆ ನಾಯಿಯ ನೆನಪಾಗುತ್ತದೆ.

ಉತ್ತರದ ಆರೋಗ್ಯ ಸೇವೆಯ ಚರಿತ್ರೆಯಲ್ಲಿ ಮೊದಲ ಅಧ್ಯಾಯ ಮಿಷನರಿಗಳದು. 1892ರಲ್ಲಿ ಲ್ಯಾಬ್ರಡಾರ್ ಕರಾವಳಿಗೆ ಬಂದ ವೈದ್ಯ ವಿಲ್ಫ್ರೆಡ್ ಗ್ರೆನ್‌ಫೆಲ್ ಆಸ್ಪತ್ರೆ ಕಟ್ಟಿಸಿದರು, ದೋಣಿಯಲ್ಲಿ ಊರೂರು ಸುತ್ತಿದರು. ಬೇರೆಡೆ ತುಪ್ಪಳದ ವ್ಯಾಪಾರಿಗಳು, ಪಾದ್ರಿಗಳು, ಪೊಲೀಸರೇ ಮದ್ದು ಹಂಚುತ್ತಿದ್ದರು. 1918ರ ಇನ್‌ಫ್ಲುಯೆಂಜಾ ಬಂದಾಗ ಈ ವ್ಯವಸ್ಥೆಯ ಟೊಳ್ಳುತನ ಬಯಲಾಯಿತು. ಅಲಾಸ್ಕಾದ ಬ್ರೆವಿಗ್ ಮಿಷನ್‌ನಲ್ಲಿ ಎಂಬತ್ತು ವಯಸ್ಕರ ಪೈಕಿ ಎಪ್ಪತ್ತೆರಡು ಜನ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಸರ್ಕಾರ ನಿಜವಾಗಿ ಕಾಲಿಟ್ಟಿದ್ದು ಕ್ಷಯದ ಬೆನ್ನು ಹತ್ತಿ. 1950ರಿಂದ ಸುಮಾರು ಎರಡು ದಶಕ ಕೆನಡಾದ ಪೂರ್ವ ಆರ್ಕ್‌ಟಿಕ್‌ನಲ್ಲಿ ಸಿ.ಡಿ. ಹೋವ್ ಎಂಬ ಹಡಗು ಎಕ್ಸ್‌ರೇ ಯಂತ್ರ ಹೊತ್ತು ಬೇಸಿಗೆಯಲ್ಲಿ ಹಳ್ಳಿಹಳ್ಳಿಗೆ ಹೋಗುತ್ತಿತ್ತು. ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟರನ್ನು ಹಡಗಿಗೆ ಹತ್ತಿಸಿ ಎದೆಯ ಚಿತ್ರ ತೆಗೆಯುವರು. ಕಲೆ ಕಂಡರೆ ಅವರು ಮತ್ತೆ ದಡಕ್ಕಿಳಿಯುವಂತಿರಲಿಲ್ಲ. ಮೊಲೆಯುಣ್ಣುವ ಕೂಸನ್ನು ದಡದಲ್ಲಿ ನೆರೆಯವರ ಕೈಗೆ ಬಿಟ್ಟು ಹೋದ ತಾಯಂದಿರಿದ್ದಾರೆ. 1956ರ ಹೊತ್ತಿಗೆ ಕೆನಡಾದ ಇನ್ಯೂಟರಲ್ಲಿ ಏಳಕ್ಕೊಬ್ಬರು ದಕ್ಷಿಣದ ಸ್ಯಾನಟೋರಿಯಂಗಳಲ್ಲಿದ್ದರು. ಹ್ಯಾಮಿಲ್ಟನ್ ನಗರದ ಸ್ಯಾನಟೋರಿಯಂ ಒಂದು ಕಾಲಕ್ಕೆ ದೇಶದಲ್ಲೇ ಅತಿ ಹೆಚ್ಚು ಇನ್ಯೂಟರು ಒಟ್ಟಿಗಿದ್ದ ಜಾಗವಾಗಿತ್ತು. ಸತ್ತವರನ್ನು ಅಲ್ಲೇ ಹೂಳಿದರು. ಎಷ್ಟೋ ಮನೆಯವರಿಗೆ ಸುದ್ದಿಯೂ ಮುಟ್ಟಲಿಲ್ಲ. ಪ್ರಧಾನಿ ಟ್ರುಡೊ ಇಕಾಲೂಯಿಟ್‌ಗೆ ಬಂದು ಕ್ಷಮೆ ಕೇಳಿದ್ದು 2019ರ ಮಾರ್ಚ್‌ನಲ್ಲಿ. ಕ್ಷಯದಿಂದ ಸಾಯುವವರು ಕಡಿಮೆಯಾದದ್ದು ನಿಜ, ಅದನ್ನು ಅಲ್ಲಗಳೆಯಲಾರೆ. ಹಡಗು ವರ್ಷವರ್ಷವೂ ಬಂತು, ತಪಾಸಣೆ ನಡೆಯಿತು, ರೋಗಿಗಳು ಆಸ್ಪತ್ರೆ ಸೇರಿದರು. ಆಡಳಿತದ ವರದಿಯಲ್ಲಿ ಅದು ಅಚ್ಚುಕಟ್ಟಾದ ಸೇವೆಯೇ!

ಅದೇ ಕ್ಷಯ ಅಲಾಸ್ಕಾದಲ್ಲಿ ಬೇರೊಂದು ದಾರಿ ತೆರೆಯಿತು. ನಮ್ಮ ಪೀಳಿಗೆ ಕಲಿತದ್ದೆಲ್ಲ ಆ ದಾರಿಯಲ್ಲೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕ್ಷಯದ ಮಾತ್ರೆಯನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ವಿಮಾನದಲ್ಲಿ ಬಂದುಹೋಗುವ ವೈದ್ಯರಿಂದ ಅದನ್ನು ನೋಡಿಕೊಳ್ಳಲಾಗದು. 1950ರ ದಶಕದಲ್ಲಿ ಆ ಕೆಲಸಕ್ಕೆ ಹಳ್ಳಿಯವರನ್ನೇ ಹಚ್ಚಿದರು. ಮಾತ್ರೆ ಕೊಡಲು ಬಂದವಳನ್ನು ಜನ ಮಗುವಿನ ಜ್ವರಕ್ಕೂ, ಮೀನು ಕೊಯ್ಯುವಾಗ ಆದ ಗಾಯಕ್ಕೂ ಕರೆಯತೊಡಗಿದರು. 1968ರಲ್ಲಿ ಅಮೆರಿಕದ ಸಂಸತ್ತು ಹಣ ಮಂಜೂರು ಮಾಡಿತು. ಹೆಲ್ತ್ ಏಡ್ ಎಂದು ಹೆಸರಾದ ಇವರಿಗೆ ಸಂಬಳ, ತರಬೇತಿ ಎರಡೂ ಸಿಕ್ಕವು. ಪದವಿ ಬೇಕಿಲ್ಲ. ಮೂರು ನಾಲ್ಕು ವಾರಗಳ ನಾಲ್ಕು ಕಂತಿನ ಪಾಠ, ನಡುನಡುವೆ ಹಳ್ಳಿಯಲ್ಲಿ ಕೆಲಸ, ಕೈಯಲ್ಲೊಂದು ದಪ್ಪ ಕೈಪಿಡಿ. ನಮ್ಮ ಆಶಾ ಕಾರ್ಯಕರ್ತೆಯರ ವ್ಯವಸ್ಥೆ 2005ರದು, ಹೆಚ್ಚುಕಡಿಮೆ ಇದೇ ಜಾತಿಯದು. ಆದರೆ ಆಶಾಗೆ ಪ್ರೋತ್ಸಾಹಧನ, ಅಲ್ಲಿ ತಿಂಗಳ ಸಂಬಳ. ಆಶಾ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ, ಅಲ್ಲಿನವಳು ತಾನೇ ಪರೀಕ್ಷಿಸಿ ಮದ್ದು ಕೊಡುತ್ತಾಳೆ.

ಆ ಹಳ್ಳಿಗಳಲ್ಲಿ ಕಿವಿ ಸೋರುವ ಮಕ್ಕಳು ಸಾಮಾನ್ಯ. ಅಂಥ ಮಗು ಬಂದರೆ ಹೆಲ್ತ್ ಏಡ್ ಕೈಪಿಡಿಯ ಕಿವಿಯ ಪುಟ ತೆರೆದು ತಾಯಿಗೆ ಮೊದಲು ಪ್ರಶ್ನೆಗಳನ್ನು ಕೇಳುತ್ತಾಳೆ: ಯಾವಾಗಿನಿಂದ, ಜ್ವರ ಇದೆಯೇ, ನಿದ್ದೆ ಹೇಗೆ? ಬಳಿಕ ಓಟೊಸ್ಕೋಪ್ ಹಿಡಿದು ಕಿವಿಯ ತಮಟೆಯ ಬಣ್ಣ ನೋಡುತ್ತಾಳೆ. ಕಂಡದ್ದಕ್ಕೆ ತಕ್ಕ ಪುಟದಲ್ಲಿ ಯಾವ ಮದ್ದು, ಎಷ್ಟು ದಿನ, ವೈದ್ಯರಿಗೆ ಯಾವಾಗ ತಿಳಿಸಬೇಕು ಎಂದು ಬರೆದಿದೆ. ಮೊದಲೆಲ್ಲ ವೈದ್ಯರು ಸಿಗುತ್ತಿದ್ದುದು ರೇಡಿಯೊದಲ್ಲಿ, ಗೊತ್ತಾದ ಹೊತ್ತಿಗೆ. ರೇಡಿಯೊ ಇದ್ದ ಮನೆಯವರೆಲ್ಲ ಕಿವಿಗೊಡುತ್ತಿದ್ದರಿಂದ ಯಾರಿಗೆ ಮುಟ್ಟು ನಿಂತಿದೆ, ಯಾರಿಗೆ ಗುಪ್ತರೋಗ ಎಂಬುದೂ ಊರಿಗೇ ಗೊತ್ತಾಗುತ್ತಿತ್ತು. ಹವೆ ಕೆಟ್ಟರೆ ಅದೂ ಇಲ್ಲ. 1971ರಲ್ಲಿ ಟನಾನಾ ಸುತ್ತಲಿನ ಹಳ್ಳಿಗಳಿಗೆ ಎಟಿಎಸ್-1 ಉಪಗ್ರಹದ ಮೂಲಕ ಸಂಪರ್ಕ ಕೊಟ್ಟಾಗ ವೈದ್ಯರೊಡನೆ ಮಾತಾಡಲಾದ ದಿನಗಳು ಬಹಳ ಹೆಚ್ಚಾದವು. ಉಪಗ್ರಹ ವೈದ್ಯಕೀಯ ಮೊನ್ನೆಮೊನ್ನೆ ಹುಟ್ಟಿತು ಎನ್ನುವವರು ಈ ಇಸವಿ ಗಮನಿಸಬೇಕು. ಈಗ ಕಿವಿಯ ತಮಟೆಯ ಫೋಟೊ ಆಂಕರೇಜ್‌ನ ತಜ್ಞರಿಗೆ ಹೋಗುತ್ತದೆ. ಅಳುವ ಮಗುವನ್ನು ರಮಿಸಿ, ಕಿವಿ ಒರೆಸಿ, ಕೈ ಅಲುಗದಂತೆ ಆ ಫೋಟೊ ತೆಗೆಯುವವಳು ಅದೇ ಹೆಲ್ತ್ ಏಡ್.

ಇದೇ ಮಾದರಿಯಲ್ಲಿ ಹಲ್ಲಿನ ಚಿಕಿತ್ಸೆ ಕಲಿಯಲು ಅಲಾಸ್ಕಾದ ಯುವಕ ಯುವತಿಯರು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಯಿತು. ಅವರು ಮರಳಿ ಬಂದು ಹಲ್ಲು ಕೀಳತೊಡಗಿದಾಗ ಅಮೆರಿಕದ ದಂತವೈದ್ಯರ ಸಂಘ 2006ರಲ್ಲಿ ಕೋರ್ಟಿಗೆ ಹೋಯಿತು. ಗೆಲ್ಲಲಿಲ್ಲ. ಆ ಹಳ್ಳಿಗಳಲ್ಲಿ ನೆಲೆಸಲು ದಂತವೈದ್ಯರು ಸಾಲುಗಟ್ಟಿ ನಿಂತಿದ್ದರೇನೋ ಎಂಬಂತಿತ್ತು ಅವರ ವಾದ.

ಕೆನಡಾದ ಕಡೆಯಿಂದ ಇದಕ್ಕೆ ಸಾಟಿಯಾದ ಹೆಸರು ಪುವಿರ್ನಿಟುಕ್ ಎಂಬ ಹಳ್ಳಿಯದು. 1970ರ ದಶಕದಿಂದ ಉತ್ತರದ ಬಸುರಿಯರನ್ನು ದಿನ ತುಂಬುವ ಕೆಲವು ವಾರ ಮೊದಲೇ ವಿಮಾನ ಹತ್ತಿಸಿ ದಕ್ಷಿಣದ ಆಸ್ಪತ್ರೆಗೆ ಕಳಿಸುವ ಪದ್ಧತಿ ಬಲವಾಯಿತು. ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ನಮಗೆ ಇದರ ಕ್ರೌರ್ಯ ಬಿಡಿಸಿ ಹೇಳಬೇಕಿಲ್ಲ: ಭಾಷೆ ಬಾರದ ಊರು, ಗಂಡ ಮಕ್ಕಳು ಸಾವಿರಾರು ಕಿಲೊಮೀಟರ್ ಆಚೆ. ಪುವಿರ್ನಿಟುಕ್ ಇರುವ, ಕ್ವಿಬೆಕ್‌ನ ಉತ್ತರ ಭಾಗವಾದ ನುನಾವಿಕ್‌ನ ಹೆಂಗಸರು ಸಂಘ ಕಟ್ಟಿ ಹಟ ಹಿಡಿದರು. 1986ರಲ್ಲಿ ಪುವಿರ್ನಿಟುಕ್‌ನಲ್ಲಿ ಹೆರಿಗೆ ಕೇಂದ್ರ ತೆರೆಯಿತು. ಕ್ವಿಬೆಕ್‌ನಲ್ಲಿ ಸೂಲಗಿತ್ತಿ ವೃತ್ತಿಗೆ ಕಾನೂನಿನ ಪೂರ್ಣ ಮನ್ನಣೆ ಸಿಕ್ಕಿದ್ದು 1999ರಲ್ಲಿ ಎಂಬುದು ನೆನಪಿರಲಿ. ಊರಿನ ಹುಡುಗಿಯರು ಅನುಭವಿಗಳ ಜೊತೆಯಲ್ಲೇ ಕೆಲಸ ಮಾಡುತ್ತ ಕಲಿತರು. ಸಿಸೇರಿಯನ್ ಸೌಲಭ್ಯವಿಲ್ಲ, ತೊಂದರೆಯಾದರೆ ಮಾಂಟ್ರಿಯಲ್‌ಗೆ ಹಲವು ತಾಸಿನ ಹಾರಾಟ. ಅದಕ್ಕೇ ಪ್ರತಿ ಬಸುರಿಯ ವಿಚಾರವನ್ನೂ ಸಮಿತಿಯೊಂದು ಮುಂಚಿತವಾಗಿ ಕೂತು ಚರ್ಚಿಸುತ್ತದೆ, ಸೂಲಗಿತ್ತಿಯರ ಮಾತಿಗೆ ಅಲ್ಲಿ ತೂಕವಿದೆ. ಅನಾಹುತವಾಗುತ್ತದೆ ಎಂದವರು ಕಾದರು, ಆಗಲಿಲ್ಲ. ಇನುಕ್‌ಜುವಾಕ್, ಸಲ್ಲೂಯಿಟ್ ಹಳ್ಳಿಗಳಲ್ಲೂ ಕೇಂದ್ರಗಳು ಬಂದವು. ಈ ಶತಮಾನದ ಮೊದಲ ವರ್ಷಗಳಿಗೇ ಆ ಭಾಗದ ಹತ್ತು ಹೆರಿಗೆಗಳಲ್ಲಿ ಎಂಟಕ್ಕಿಂತ ಹೆಚ್ಚು ನುನಾವಿಕ್‌ನಲ್ಲೇ ಆಗುತ್ತಿದ್ದವು.

ಎರಡೂ ಕಡೆ ಇದಕ್ಕೆ ಬೆನ್ನೆಲುಬಾದದ್ದು 1975. ಅಮೆರಿಕದ ಸ್ವಯಂನಿರ್ಣಯ ಕಾಯಿದೆ, ಕೆನಡಾದ ಜೇಮ್ಸ್ ಬೇ ಒಪ್ಪಂದ ಎರಡೂ ಅದೇ ವರ್ಷದವು. ಆರೋಗ್ಯದ ಹಣ, ನೇಮಕಾತಿ ಮೂಲನಿವಾಸಿಗಳ ಸಂಸ್ಥೆಗಳ ಕೈಗೆ ಬರಲು ಅವು ದಾರಿಯಾದವು. ಈ ಕುರಿತು ಬೇಕಾದಷ್ಟು ಬರೆದಿದ್ದಾರೆ, ನಾನು ಮುಂದುವರಿಸುವುದಿಲ್ಲ.

ಯಾರೂ ಸರಿಯಾಗಿ ಬರೆಯದಿರುವುದು ಆರೋಗ್ಯ ಇಲಾಖೆಗೂ ಸಮಾಜ ಕಲ್ಯಾಣಕ್ಕೂ ನಡುವಿನ ಕಂದಕದ ಬಗ್ಗೆ. ಮ್ಯಾನಿಟೊಬಾದ ಉತ್ತರದ ನಾರ್ವೆ ಹೌಸ್ ಕ್ರೀ ಸಮುದಾಯದ ಜಾರ್ಡನ್ ರಿವರ್ ಆ್ಯಂಡರ್ಸನ್ 1999ರಲ್ಲಿ ಕಾಯಿಲೆಯೊಂದಿಗೇ ಹುಟ್ಟಿದ. ಮನೆಗೆ ಕಳಿಸಬಹುದೆಂದು ವೈದ್ಯರು ಹೇಳಿದ ಮೇಲೂ, ಮನೆಯ ಆರೈಕೆಯ ಖರ್ಚು ಕೇಂದ್ರದ್ದೋ ಪ್ರಾಂತ್ಯದ್ದೋ ಎಂಬ ಜಗಳದಲ್ಲಿ ಎರಡು ವರ್ಷಕ್ಕೂ ಹೆಚ್ಚು ಆಸ್ಪತ್ರೆಯಲ್ಲೇ ಉಳಿದು 2005ರಲ್ಲಿ ತೀರಿಕೊಂಡ. ಮೊದಲು ಸೇವೆ, ಆಮೇಲೆ ಬಿಲ್ಲಿನ ಜಗಳ ಎಂಬ ತತ್ವಕ್ಕೆ 2007ರಲ್ಲಿ ಸಂಸತ್ತು ಅವನ ಹೆಸರಿಟ್ಟಿತು. ಅದು ಜಾರಿಯಾಗಲು 2016ರಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿಯ ತೀರ್ಪು ಬೇಕಾಯಿತು. ಕೆನಡಾದ ಉತ್ತರದ ನುನಾವುಟ್ ಪ್ರದೇಶದಿಂದ ಮರೆವಿನ ಕಾಯಿಲೆಯ ಹಿರಿಯರನ್ನು ಒಟ್ಟಾವಾದ ವೃದ್ಧಾಶ್ರಮಕ್ಕೆ ಕಳಿಸಿದ್ದನ್ನು ಆರೋಗ್ಯದ ಚರಿತ್ರೆಯಲ್ಲಿ ಬರೆಯುವುದೋ ಕಲ್ಯಾಣದ ಚರಿತ್ರೆಯಲ್ಲೋ? ಎರಡರಲ್ಲೂ ಕಾಣೆ. ಮನೆಗಳ ವಿಷಯವೂ ಹಾಗೆಯೇ. ಕ್ಷಯವನ್ನು 2030ರೊಳಗೆ ಇನ್ಯೂಟರ ನಾಡಿನಿಂದ ತೊಲಗಿಸುವ ಮಾತು 2018ರಲ್ಲಿ ಬಂತು. 2021ರಲ್ಲಿ ನುನಾವುಟ್‌ನ ಪ್ಯಾಂಗ್‌ನಿರ್ಟುಂಗ್‌ನಲ್ಲಿ ಕ್ಷಯ ಮತ್ತೆ ಹಬ್ಬಿತು. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಗೆ ಮಾತ್ರೆಯೊಂದೇ ಸಾಲದು.

ಅಲಾಸ್ಕಾದಲ್ಲಿ ಹೆಲ್ತ್ ಏಡ್‌ಗಳೇ ಕೆಲಸ ಬಿಡುತ್ತಿರುವುದನ್ನೂ ಹೇಳಬೇಕು. ರಾತ್ರಿಯ ಕರೆ ತಪ್ಪುವುದಿಲ್ಲ. ನೇಣು ಹಾಕಿಕೊಂಡವನನ್ನು ಇಳಿಸಲು ಹೋದರೆ ಅವನು ಸ್ವಂತ ತಮ್ಮನಾಗಿರಬಹುದು. ಅವಳ ಬದಲಿಗೆ ಯಾರು, ಅವಳಿಗೆ ರಜೆ ಎಲ್ಲಿ ಎಂದು ಕೇಳುವ ಅಧ್ಯಯನಗಳು ಬೆರಳೆಣಿಕೆಯಷ್ಟು. ಅತ್ತ ನುನಾವುಟ್‌ನ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ದಕ್ಷಿಣದಿಂದ ಕೆಲವೇ ವಾರಗಳ ಮಟ್ಟಿಗೆ ಬರುವ ನರ್ಸ್‌ಗಳೇ ಅಲ್ಲಿ ಆಧಾರ. ರ‍್ಯಾಂಕಿನ್ ಇನ್ಲೆಟ್‌ನಲ್ಲಿ 1993ರಲ್ಲಿ ತೆರೆದ ಹೆರಿಗೆ ಕೇಂದ್ರ ಸಿಬ್ಬಂದಿಯಿಲ್ಲದೆ ಹೆರಿಗೆ ನಿಲ್ಲಿಸಬೇಕಾದ ಕಾಲ ಕಂಡಿತು. ನುನಾವುಟ್‌ನ ಕಾಲೇಜಿನಲ್ಲಿ ಸೂಲಗಿತ್ತಿಯರ ತರಬೇತಿ ಶುರುವಾಗಿ ನಿಂತಿತ್ತು. ವಿಮಾನದ ಟಿಕೆಟ್ಟಿಗೆ ಮಾತ್ರ ಪ್ರತಿ ವರ್ಷದ ಬಜೆಟ್‌ನಲ್ಲೂ ಹಣ ಇರುತ್ತದೆ.