ಕೈತೊಳೆಯುವ ನೀರು ಎಂಥದ್ದಿರಬೇಕು?

ಊಟಕ್ಕೆ ಮುಂಚೆ ಫರಿಸಾಯರು ಕೈತೊಳೆಯುತ್ತಿದ್ದ ಪದ್ಧತಿಯನ್ನು ಸಂತ ಮಾರ್ಕರ ಶುಭಸಂದೇಶದ 7ನೇ ಅಧ್ಯಾಯದಲ್ಲಿ ನಾವು ಓದುತ್ತೇವೆ. ಓದಿದೊಡನೆ, ಇದು ಬರೀ ತೋರಿಕೆಯ ಆಚಾರವೆಂದು ತೀರ್ಪು ಕೊಟ್ಟುಬಿಡುತ್ತೇವೆ. ಆ ನೀರು ಎಂಥದ್ದಿರಬೇಕೆಂದು ಯೆಹೂದ್ಯ ಗುರುಗಳು ಹಾಕಿದ ನಿಯಮಗಳನ್ನು ತಿಳಿದರೆ ನಮ್ಮ ತೀರ್ಪು ಬದಲಾದೀತು.

ಕ್ರಿ.ಶ. 200ರ ಸುಮಾರಿಗೆ ರಬ್ಬಿ ಯೆಹೂದರು ಸಂಕಲಿಸಿದ ‘ಮಿಶ್ನಾ’ದಲ್ಲಿ ‘ಯಾದಯಿಮ್’, ಅಂದರೆ ‘ಕೈಗಳು’ ಎಂಬ ಭಾಗವೇ ಇದೆ. ಒಬ್ಬರಿಗೆ ಕಾಲು ‘ಲೋಗ್’ ನೀರು ಸಾಕು. ಅದು ಸುಮಾರು ಒಂದೂವರೆ ಕೋಳಿಮೊಟ್ಟೆಯ ಗಾತ್ರದಷ್ಟು. ಅಷ್ಟೇ ನೀರು ಇಬ್ಬರಿಗೂ ಸಲ್ಲುತ್ತದೆ. ಬೊಗಸೆಯಿಂದ ಹೊಯ್ಯುವಂತಿಲ್ಲ, ಪಾತ್ರೆಯೇ ಬೇಕು. ಆದರೆ ಅದು ಬೆಲೆಬಾಳುವ ಪಾತ್ರೆಯಾಗಬೇಕಿಲ್ಲ. ಕಲ್ಲಿನದಾದರೂ, ಸುಡದ ಮಣ್ಣಿನದಾದರೂ ಸರಿ. ನೀರು ಹೊಯ್ಯುವವರು ಚಿಕ್ಕ ಮಕ್ಕಳಾದರೂ ಆಗುತ್ತದೆ. ಬಡವರ ಮನೆಯನ್ನು ಹೊರಗಿಡುವ ನಿಯಮ ಇದಲ್ಲ.

ನೀರಿನ ಗುಣದಲ್ಲಿ ಮಾತ್ರ ಬಹಳ ಬಿಗಿ. ಶಾಯಿಯೋ ಅಂಟೋ ಬಿದ್ದು ಬಣ್ಣ ಕೆಟ್ಟ ನೀರು ಸಲ್ಲದು. ಪಾತ್ರೆಯಲ್ಲಿದ್ದು, ದನಗಳೂ ಕುಡಿಯಲಾಗದಷ್ಟು ಕೆಟ್ಟ ನೀರು ಸಲ್ಲದು. ರೊಟ್ಟಿ ನೆನೆಸಿದ ನೀರು, ಕೊಳೆಯಾದ ಪಾತ್ರೆ ತೊಳೆದ ನೀರು ಸಹ ಸಲ್ಲದು. ಏಕೆಂದರೆ ಅದು ಆಗಲೇ ಬೇರೊಂದು ಕೆಲಸಕ್ಕೆ ಬಳಕೆಯಾಗಿದೆ. ಸ್ವಲ್ಪವೇ ಇರಲಿ, ಆದರೆ ಬಳಸಿ ಮಿಕ್ಕಿದ್ದು ಬೇಡ: ಇದೇ ಆ ನಿಯಮಗಳ ತಿರುಳು.

ರೋಮನರ ಸೆರೆಯಲ್ಲಿದ್ದ ರಬ್ಬಿ ಅಕೀವರ ಕಥೆಯನ್ನು ತಾಲ್ಮೂದ್ ಹೇಳುತ್ತದೆ. ಒಂದು ದಿನ ಕಾವಲುಗಾರ ಅವರ ಪಾಲಿನ ನೀರಿನಲ್ಲಿ ಅರ್ಧವನ್ನು ಚೆಲ್ಲಿಬಿಟ್ಟ. ಉಳಿದದ್ದು ಕುಡಿಯಲೂ ಸಾಲದೆಂದು ಶಿಷ್ಯ ಹೇಳಿದರೂ, ಕೈತೊಳೆಯುವ ತನಕ ಅಕೀವರು ತುತ್ತು ಮುಟ್ಟಲಿಲ್ಲ. ಇದನ್ನು ತೋರಿಕೆ ಎನ್ನಲು ನಮಗೆ ಬಾಯಿ ಬಂದೀತೇ? ಯೆಹೂದ್ಯರನ್ನು ಹೀಗಳೆಯಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ನಮಗೆ ಕಲಿಸಿದೆ.

ಕಾನಾ ಊರಿನ ಮದುವೆಯ ಮನೆಯಲ್ಲಿದ್ದದ್ದೂ ಇಂಥ ಶುದ್ಧೀಕರಣದ ನೀರಿಗಾಗಿ ಇಟ್ಟಿದ್ದ ಆರು ಕಲ್ಲಿನ ಬಾನೆಗಳೇ. ಕಲ್ಲಿನ ಪಾತ್ರೆಗೆ ಮೈಲಿಗೆ ತಟ್ಟದೆಂಬುದು ಯೆಹೂದ್ಯರ ನಿಯಮ. ನಜರೇತಿನ ಹತ್ತಿರದ ರೇನಾ ಎಂಬಲ್ಲಿ, ಆ ಕಾಲದಲ್ಲಿ ಇಂಥ ಪಾತ್ರೆ ಕಡೆಯುತ್ತಿದ್ದ ಕಾರ್ಯಾಗಾರವೊಂದು 2017ರಲ್ಲಿ ಬೆಳಕಿಗೆ ಬಂತು. ಯೇಸುಸ್ವಾಮಿ ಆ ಬಾನೆಗಳನ್ನು ಒಡೆಯಲಿಲ್ಲ, ಕಂಠದವರೆಗೂ ತುಂಬಿಸಿದರು. ಅವರು ಖಂಡಿಸಿದ್ದು ಕೈ ಶುದ್ಧವಾಗಿದ್ದೂ ದೇವರಿಂದ ದೂರವಾದ ಹೃದಯವನ್ನು.

ಬಲಿಪೂಜೆಯಲ್ಲಿ ಕಾಣಿಕೆಗಳನ್ನು ಸಿದ್ಧಪಡಿಸಿದ ಮೇಲೆ ಗುರುಗಳು ಕೈತೊಳೆಯುವುದನ್ನು ನಾವು ಪ್ರತಿ ಭಾನುವಾರ ನೋಡುತ್ತೇವೆ. ಅಲ್ಲಿಯೂ ನೀರು ಸ್ವಲ್ಪವೇ. ಆ ಕ್ಷಣದಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳೋಣ: ದಿನವೆಲ್ಲ ದುಡಿದು, ಟಿ.ವಿ. ನೋಡಿ, ನಿದ್ದೆ ತೂಗುವಾಗ ಮಾಡುವ ಕುಟುಂಬ ಪ್ರಾರ್ಥನೆ ಎಂಥ ನೀರು? ದೇವರು ನಮ್ಮಿಂದ ಬಾನೆಗಟ್ಟಲೆ ಕೇಳುತ್ತಿಲ್ಲ. ಕಾಲು ಲೋಗಿನಷ್ಟೇ ಇರಲಿ, ಅದು ಅವರಿಗೆಂದೇ ತೆಗೆದಿಟ್ಟದ್ದಾಗಿರಲಿ.