ಸಾಲವಿಲ್ಲದ ಕ್ಲಬ್ಬಿನ ಬಡ್ತಿ: ಎಯ್ಬಾರ್ ಪ್ರಸಂಗದ ಒಂದು ಮರುಪರಿಶೀಲನೆ

ಸ್ಪೇನಿನ ಬಾಸ್ಕ್ ನಾಡಿನಲ್ಲಿ, ಗಿಪುಸ್ಕೋವಾ ಪ್ರಾಂತ್ಯದ ಇಕ್ಕಟ್ಟಾದ ಕಣಿವೆಯೊಂದರಲ್ಲಿ ಎಯ್ಬಾರ್ ಎಂಬ ಊರಿದೆ. ಜನಸಂಖ್ಯೆ ಸುಮಾರು 27,000. ಈ ಊರಿನ ಫುಟ್‌ಬಾಲ್ ಕ್ಲಬ್ಬು 2014ರ ಮೇ 25ರಂದು ತನ್ನ ಇಪುರುವಾ ಮೈದಾನದಲ್ಲಿ ಅಲಾವೆಸ್ ತಂಡವನ್ನು 1–0 ಗೋಲಿನಿಂದ ಸೋಲಿಸಿ, ಚರಿತ್ರೆಯಲ್ಲೇ ಮೊದಲ ಸಲ ದೇಶದ ಮೊದಲ ದರ್ಜೆಯ ಲೀಗಿಗೆ ಬಡ್ತಿ ಪಡೆಯಿತು. ಅದಕ್ಕೆ ಹಿಂದಿನ ಬೇಸಿಗೆಯಷ್ಟೇ ಅದು ಮೂರನೇ ದರ್ಜೆಯಿಂದ ಎರಡನೆಯದಕ್ಕೆ ಏರಿತ್ತು. ಪತ್ರಿಕೆಗಳು ಇದನ್ನು ಪವಾಡವೆಂದು ಕೊಂಡಾಡಿದವು. ಪವಾಡ ಎಂದುಬಿಟ್ಟರೆ ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಆ ಕ್ಲಬ್ಬು ದಶಕಗಳ ಕಾಲ ಕಾಪಾಡಿಕೊಂಡು ಬಂದ ಒಂದು ಆರ್ಥಿಕ ಶಿಸ್ತು ಮತ್ತು ಸ್ಪರ್ಧೆ ಸಡಿಲವಾಗಿದ್ದ ಒಂದು ವರ್ಷ, ಇವೆರಡೂ ಕೂಡಿದ್ದರಿಂದ ಈ ಬಡ್ತಿ ಸಾಧ್ಯವಾಯಿತೆಂಬುದು ಈ ಲೇಖನದ ವಾದ. ಮೊದಲನೆಯದು ಕ್ಲಬ್ಬಿನ ಕೈಯಲ್ಲಿತ್ತು, ಎರಡನೆಯದು ಇರಲಿಲ್ಲ.

ಕ್ರೀಡೆಯ ಅರ್ಥಶಾಸ್ತ್ರ ಈ ಬಗೆಯ ಘಟನೆಗಳನ್ನು ಅಪವಾದದ ಸಾಲಿಗೆ ಸೇರಿಸುತ್ತದೆ. ಸೈಮನ್ ರಾಟನ್‌ಬರ್ಗ್ 1956ರಲ್ಲಿ, ವಾಲ್ಟರ್ ನೀಲ್ 1964ರಲ್ಲಿ ಅಮೆರಿಕದ ವೃತ್ತಿಪರ ಕ್ರೀಡೆಯನ್ನು ಕುರಿತು ಬರೆದಾಗ ಅವರ ಮುಂದಿದ್ದದ್ದು ಬಡ್ತಿಯೂ ಹಿಂಬಡ್ತಿಯೂ ಇಲ್ಲದ ಮುಚ್ಚಿದ ಲೀಗುಗಳು. ಯೂರೋಪಿನ ತೆರೆದ ಲೀಗುಗಳನ್ನು ಅಧ್ಯಯನ ಮಾಡಿದ ಸ್ಟೀಫನ್ ಶಿಮಾನ್‌ಸ್ಕಿ, ಲೇಖಕ ಸೈಮನ್ ಕೂಪರ್ ಜೊತೆಗೂಡಿ, ಇಂಗ್ಲೆಂಡಿನ ಕ್ಲಬ್ಬುಗಳ ದೀರ್ಘಾವಧಿ ಸರಾಸರಿ ಸ್ಥಾನದ ಏರುಪೇರಿನಲ್ಲಿ ಶೇಕಡಾ 90ರಷ್ಟನ್ನು ಆಟಗಾರರ ಸಂಬಳದ ವೆಚ್ಚವೇ ವಿವರಿಸುತ್ತದೆಂದು ತೋರಿಸಿದರು. ಆದರೆ ಈ ಸಂಬಂಧ ಗಟ್ಟಿಯಾಗಿರುವುದು ಹಲವು ವರ್ಷಗಳ ಸರಾಸರಿಯಲ್ಲಿ ಮಾತ್ರ. ಒಂದೇ ಋತುವನ್ನು ತೆಗೆದುಕೊಂಡರೆ ಅದು ಸಾಕಷ್ಟು ಸಡಿಲವಾಗುತ್ತದೆ. ಸಣ್ಣ ಕ್ಲಬ್ಬಿನ ಭವಿಷ್ಯ ಇರುವುದು ಆ ಸಡಿಲಿನಲ್ಲೇ. ಹಾಗಾಗಿ ‘ಅವರು ಹೇಗೆ ಗೆದ್ದರು’ ಎನ್ನುವುದರ ಜೊತೆಗೆ, ಅಂಥ ಒಂದು ವರ್ಷ ಬರುವ ತನಕ ಅವರು ಹೇಗೆ ಉಳಿದುಕೊಂಡರು ಎಂಬುದನ್ನೂ ಕೇಳಬೇಕಾಗುತ್ತದೆ.

ಉಳಿದುಕೊಳ್ಳುವ ವಿದ್ಯೆ ಆ ಊರಿಗೆ ಹಳೆಯದು. ಎಯ್ಬಾರ್ ಶತಮಾನಗಳಿಂದ ಬಂದೂಕು ತಯಾರಿಸುವ ಕಸುಬುದಾರರ ಊರು; ತಂಡಕ್ಕೆ ಇಂದಿಗೂ ‘ಬಂದೂಕು ಕಮ್ಮಾರರು’ ಎಂಬ ಅಡ್ಡಹೆಸರಿದೆ. ಶಸ್ತ್ರದ ಮಾರುಕಟ್ಟೆ ಕುಸಿದಾಗ ಅದೇ ಕೈಗಳು ಬೇರೆ ಸರಕಿಗೆ ಹೊರಳಿದವು. ಓರ್ಬೆಯಾ ಕಂಪನಿ ಬಂದೂಕಿನಿಂದ ಸೈಕಲ್ಲಿಗೆ ಬಂತು. 1920ರಲ್ಲಿ ಕಾರ್ಮಿಕರೇ ಕಟ್ಟಿಕೊಂಡ ಆಲ್ಫಾ ಸಹಕಾರಿ ಸಂಸ್ಥೆ ಹೊಲಿಗೆ ಯಂತ್ರಕ್ಕೆ ಬಂತು. 1931ರ ಏಪ್ರಿಲ್ 14ರಂದು ಸ್ಪೇನಿನಲ್ಲೇ ಮೊದಲಿಗೆ ಗಣರಾಜ್ಯವನ್ನು ಘೋಷಿಸಿದ ಊರೂ ಇದೇ. ಅಂತರ್ಯುದ್ಧದ ಬಾಂಬ್ ದಾಳಿಯಲ್ಲಿ ಜರ್ಜರಿತವಾದ ಆ ಊರಿನಲ್ಲಿ 1940ರಲ್ಲಿ ಎರಡು ಸ್ಥಳೀಯ ತಂಡಗಳು ಒಂದಾಗಿ ಈ ಕ್ಲಬ್ಬು ಹುಟ್ಟಿತು. ಊರಿನ ಸ್ವಭಾವವನ್ನು ಕ್ಲಬ್ಬಿನ ಲೆಕ್ಕಪುಸ್ತಕಕ್ಕೆ ನೇರವಾಗಿ ಗಂಟುಹಾಕುವುದು ಸಂಶೋಧಕನಿಗೆ ತಕ್ಕದ್ದಲ್ಲ. ಆದರೂ ಬೇರೆ ಕ್ಲಬ್ಬುಗಳ ಆಡಳಿತ ಮಂಡಳಿಗಳು ಸಾಲ ಮಾಡಿ ಆಟಗಾರರನ್ನು ಕೊಳ್ಳುತ್ತಿದ್ದ ದಶಕಗಳಲ್ಲಿ ಎಯ್ಬಾರ್ ಹಾಗೆ ಮಾಡಲಿಲ್ಲವೆಂಬುದು ಗಮನಾರ್ಹ. 1988ರಿಂದ 2006ರವರೆಗೆ ಸತತ 18 ಋತು ಅದು ಎರಡನೇ ದರ್ಜೆಯಲ್ಲಿ ನಿಂತಿತು. 2004–05ರಲ್ಲಿ ಹೋಸೆ ಲೂಯಿಸ್ ಮೆಂದಿಲಿಬಾರ್ ತರಬೇತಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದು, ಬಡ್ತಿಯನ್ನು ಒಂದೇ ಸ್ಥಾನದಿಂದ ಕಳೆದುಕೊಂಡಿತ್ತು. ಪವಾಡವೆಂದವರು ಈ ಹಿನ್ನೆಲೆಯನ್ನು ಮರೆತಿದ್ದರು.

ಇನ್ನು ಆಟಗಾರರ ಪೂರೈಕೆ. ಎಯ್ಬಾರ್ ಇರುವುದು ಬಿಲ್ಬಾವೋ ಮತ್ತು ಸಾನ್ ಸೆಬಾಸ್ಟಿಯನ್ ನಗರಗಳ ನಡುವೆ. ಒಂದು ಕಡೆ ಬಾಸ್ಕ್ ಆಟಗಾರರನ್ನಷ್ಟೇ ಆಡಿಸುವ ಅಥ್ಲೆಟಿಕ್ ಕ್ಲಬ್, ಇನ್ನೊಂದು ಕಡೆ ರಿಯಾಲ್ ಸೊಸಿಯೆದಾದ್. ಎರಡೂ ತಮ್ಮ ಯುವ ಶಾಲೆಗಳಲ್ಲಿ ನೂರಾರು ಹುಡುಗರನ್ನು ತಯಾರು ಮಾಡುತ್ತವೆ; ಮೊದಲ ತಂಡದಲ್ಲಿ ಜಾಗ ಸಿಗುವುದು ಕೆಲವರಿಗಷ್ಟೇ. ಮಿಕ್ಕವರು ಒಳ್ಳೆಯ ತರಬೇತಿ ಪಡೆದವರು, ಆ ನಾಡಿನವರು, ದುಬಾರಿಯಲ್ಲದವರು. ತರಬೇತಿಯ ಖರ್ಚು ದೊಡ್ಡ ಕ್ಲಬ್ಬಿನದು, ಅದರ ಫಲದ ಒಂದು ಪಾಲು ಎಯ್ಬಾರಿನದು. ಸೊಸಿಯೆದಾದ್‌ನ ಚಾಬಿ ಅಲೋನ್ಸೊ 2000–01ರಲ್ಲಿ, ವೆಲೆನ್ಸಿಯಾದ ದಾವಿದ್ ಸಿಲ್ವಾ 2004–05ರಲ್ಲಿ ಎರವಲಾಗಿ ಬಂದು ಆಡಿದ್ದು ಈ ಇಪುರುವಾದಲ್ಲೇ. ಅಲಾವೆಸ್ ವಿರುದ್ಧ ನಿರ್ಣಾಯಕ ಗೋಲು ಹೊಡೆದ ಹೋತಾ ಕೂಡ ಸೆಲ್ತಾ ವೀಗೊದಿಂದ ಎರವಲು ಬಂದವರು. ದೊಡ್ಡ ಕ್ಲಬ್ಬು ತನ್ನ ಹುಡುಗನನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಅವನಿಗೆ ಪ್ರತಿ ವಾರ ಆಡಲು ಅವಕಾಶ ಸಿಗುತ್ತದೆಂಬ ನಂಬಿಕೆಯ ಮೇಲೆ, ಮತ್ತು ಆ ನಂಬಿಕೆ ಬೆಳೆಯುವುದಕ್ಕೆ ವರ್ಷಗಳು ಬೇಕು.

2012ರಲ್ಲಿ ಮುಖ್ಯ ತರಬೇತುದಾರರಾದ ಗಾಯಿಸ್ಕಾ ಗರಿತಾನೊ ಹಿಂದೆ ಇದೇ ಕ್ಲಬ್ಬಿಗೆ ಆಡಿದ್ದವರು. ಮೂರನೇ ದರ್ಜೆಯಲ್ಲಿದ್ದಾಗಲೇ ಅವರ ತಂಡ ರಾಜನ ಕಪ್ ಪಂದ್ಯಾವಳಿಯಿಂದ ಅಥ್ಲೆಟಿಕ್ ಕ್ಲಬ್ಬನ್ನು ಹೊರದಬ್ಬಿತು. 2013–14ರ ಅಂಕಪಟ್ಟಿಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ಓದಬೇಕು. 42 ಪಂದ್ಯ, 19 ಗೆಲುವು, 14 ಡ್ರಾ, 9 ಸೋಲು. ಒಟ್ಟು 71 ಪಾಯಿಂಟು. ಹೊಡೆದ ಗೋಲು 49, ಬಿಟ್ಟುಕೊಟ್ಟದ್ದು 28. ಇದು ಎದುರಾಳಿಗಳನ್ನು ತುಳಿದುಹಾಕಿದ ತಂಡದ ಲೆಕ್ಕವಲ್ಲ, ಸುಲಭಕ್ಕೆ ಸೋಲೊಪ್ಪದ ತಂಡದ ಲೆಕ್ಕ. ಎರಡನೇ ಸ್ಥಾನದ ದೆಪೋರ್ತಿವೊ ಗಳಿಸಿದ್ದು 69. ಹಿಂದಿನ ಋತುಗಳೊಂದಿಗೆ ಹೋಲಿಸಿದಾಗ ಚಿತ್ರ ಸ್ಪಷ್ಟವಾಗುತ್ತದೆ: ಇದೇ ದೆಪೋರ್ತಿವೊ 2011–12ರಲ್ಲಿ 91 ಪಾಯಿಂಟುಗಳಿಂದ, ಎಲ್ಚೆ 2012–13ರಲ್ಲಿ 82 ಪಾಯಿಂಟುಗಳಿಂದ ಚಾಂಪಿಯನ್ ಆಗಿದ್ದವು. ಆ ಎರಡೂ ವರ್ಷಗಳಲ್ಲಿ 71 ಪಾಯಿಂಟಿಗೆ ನೇರ ಬಡ್ತಿ ದಕ್ಕುತ್ತಿರಲಿಲ್ಲ. ಮೂರನೇ ಸ್ಥಾನ ಪಡೆದ ಬಾರ್ಸಿಲೋನಾ ಬಿ, ದೊಡ್ಡ ಕ್ಲಬ್ಬಿನ ಮೀಸಲು ತಂಡವಾದ್ದರಿಂದ ಬಡ್ತಿಗೆ ಅರ್ಹವೇ ಆಗಿರಲಿಲ್ಲ. ಎಲ್ಲರನ್ನೂ ಹಿಂದೆ ಹಾಕಿ ಮುನ್ನುಗ್ಗಬಲ್ಲ ತಂಡವೊಂದು ಆ ವರ್ಷ ಲೀಗಿನಲ್ಲಿರಲಿಲ್ಲ. ಇದನ್ನು ಹೇಳುವುದರಿಂದ ಎಯ್ಬಾರಿನ ಸಾಧನೆ ಕುಗ್ಗುವುದಿಲ್ಲ. ಆ ತೆರಪು 22 ತಂಡಗಳಿಗೂ ಸಮನಾಗಿ ತೆರೆದಿತ್ತು. ಸುಮಾರು 40 ಲಕ್ಷ ಯೂರೋ ಬಜೆಟ್ಟಿನ, ಲೀಗಿನಲ್ಲೇ ಅತಿ ಬಡ ತಂಡಗಳಲ್ಲೊಂದು ಅದರೊಳಗೆ ನುಗ್ಗಿತು.

ಗೆದ್ದ ಮೇಲೂ ಬಡ್ತಿ ಖಾತ್ರಿಯಾಗಲಿಲ್ಲ. ಈ ಪ್ರಸಂಗದಲ್ಲಿ ವಿದ್ವಾಂಸರು ಹೆಚ್ಚು ಗಮನ ಕೊಡಬೇಕಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ. 1990ರ ಕ್ರೀಡಾ ಕಾಯ್ದೆ ಸ್ಪೇನಿನ ವೃತ್ತಿಪರ ಕ್ಲಬ್ಬುಗಳನ್ನು ಷೇರು ಕಂಪನಿಗಳಾಗಿ ಬದಲಾಯಿಸಿತ್ತು. ರಿಯಾಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್, ಒಸಾಸುನಾ ಎಂಬ ನಾಲ್ಕಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು. 1999ರ ಒಂದು ರಾಜಾಜ್ಞೆಯ ಪ್ರಕಾರ, ವೃತ್ತಿಪರ ದರ್ಜೆಗೆ ಬಂದ ಕಂಪನಿಯ ಷೇರು ಬಂಡವಾಳ ಎರಡನೇ ದರ್ಜೆಯ ಕ್ಲಬ್ಬುಗಳ ಸರಾಸರಿ ವೆಚ್ಚದ ಶೇಕಡಾ 25ರಷ್ಟಾದರೂ ಇರಬೇಕಿತ್ತು. ಸರಾಸರಿ ಕಟ್ಟುವಾಗ ಅತಿ ಹೆಚ್ಚು ಖರ್ಚಿನ ಎರಡನ್ನೂ ಅತಿ ಕಡಿಮೆ ಖರ್ಚಿನ ಎರಡನ್ನೂ ಬಿಟ್ಟುಬಿಡಬೇಕಿತ್ತು. ಎಯ್ಬಾರಿನ ಬಂಡವಾಳ 4,22,253 ಯೂರೋ. ಬೇಕಾದದ್ದು 21,46,525 ಯೂರೋ. 17 ಲಕ್ಷಕ್ಕೂ ಮಿಕ್ಕ ಕೊರತೆಯನ್ನು 2014ರ ಆಗಸ್ಟ್ 6ರೊಳಗೆ ತುಂಬದಿದ್ದರೆ ಚಾಂಪಿಯನ್ ತಂಡ ಮತ್ತೆ ಮೂರನೇ ದರ್ಜೆಗೆ ಇಳಿಯಬೇಕಿತ್ತು.

ಈ ಅಂಕಿಗಳನ್ನು ಹಿಂದುಮುಂದು ಮಾಡಿ ನೋಡೋಣ. 21.46 ಲಕ್ಷ ಎಂಬುದು ಸರಾಸರಿಯ ಕಾಲು ಭಾಗವಾದರೆ, ಸರಾಸರಿ ವೆಚ್ಚ ಸುಮಾರು 86 ಲಕ್ಷ ಯೂರೋ, ಅಂದರೆ ಎಯ್ಬಾರಿನ ಖರ್ಚಿನ ಎರಡು ಪಟ್ಟಿಗೂ ಹೆಚ್ಚು. ಇತರರು ಎಷ್ಟು ಸುರಿದರೋ ಅದರ ಮೇಲೆ ಎಯ್ಬಾರಿನ ಹೊಣೆ ನಿಗದಿಯಾಯಿತು. ಆ ಇತರರಲ್ಲಿ ಅನೇಕರು ತೆರಿಗೆ ಇಲಾಖೆಗೆ ಬಾಕಿ ಉಳಿಸಿಕೊಂಡವರು; ಎಯ್ಬಾರಿಗೆ ಸಾಲವೇ ಇರಲಿಲ್ಲ. ಅದೇ ಶೇಕಡಾ 25ನ್ನು ಕ್ಲಬ್ಬಿನ ಸ್ವಂತ ಖರ್ಚಿಗೆ ಅನ್ವಯಿಸಿದ್ದರೂ ಸುಮಾರು 10 ಲಕ್ಷ ಬೇಕಾಗುತ್ತಿತ್ತು. ಅಂದರೆ ಬಂಡವಾಳ ತೆಳುವಾಗಿತ್ತೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಕಾನೂನಿನ ಉದ್ದೇಶ ದಿವಾಳಿಯನ್ನು ತಡೆಯುವುದಾಗಿತ್ತು. ಅದು ಅಳೆದದ್ದು ದಿವಾಳಿಯ ಅಪಾಯವನ್ನಲ್ಲ, ಗಾತ್ರವನ್ನು. ಗಾತ್ರವನ್ನು ಭದ್ರತೆಯೆಂದು ತಿಳಿದ ಈ ಅಳತೆಯೇ ತಪ್ಪು.

ಅಧ್ಯಕ್ಷ ಅಲೆಕ್ಸ್ ಅರಾನ್ಸಾಬಾಲ್ ಮತ್ತು ಅವರ ಮಂಡಳಿ ಇಲ್ಲಿ ತೆಗೆದುಕೊಂಡ ನಿರ್ಧಾರ ನನಗೆ ಬಡ್ತಿಗಿಂತಲೂ ದೊಡ್ಡದಾಗಿ ಕಾಣುತ್ತದೆ. ಒಬ್ಬ ಸಿರಿವಂತನಿಗೆ ಕ್ಲಬ್ಬನ್ನು ಮಾರಿದ್ದರೆ ಒಂದೇ ಸಹಿಯಲ್ಲಿ ಹಣ ಬರುತ್ತಿತ್ತು. ಅವರು ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟು, ಯಾರೊಬ್ಬರೂ 1,00,000 ಯೂರೋಗಿಂತ ಹೆಚ್ಚಿನ ಷೇರು ಕೊಳ್ಳುವಂತಿಲ್ಲವೆಂದು ಮಿತಿ ಹಾಕಿದರು. ‘ಎಯ್ಬಾರನ್ನು ಕಾಪಾಡಿ’ ಎಂಬ ಕರೆ ಹೊರಟಿತು. ಅಲೋನ್ಸೊ, ಸಿಲ್ವಾ ದನಿಗೂಡಿಸಿದರು. ಊರಿನವರು, ಬಾಸ್ಕ್ ನಾಡಿನವರು, ಎಯ್ಬಾರನ್ನು ಎಂದೂ ನೋಡದ ಹೊರದೇಶದವರು ಸಣ್ಣ ಸಣ್ಣ ಮೊತ್ತದ ಷೇರು ಕೊಂಡರು. ಗಡುವಿಗೆ ಮುಂಚೆ, ಜುಲೈನಲ್ಲೇ ಮೊತ್ತ ತುಂಬಿತು. ಹಾಗೆ ಬಡ್ತಿಯ ಎರಡನೇ ಅರ್ಧವನ್ನು ಗೆದ್ದವರು ಸಾವಿರಾರು ಸಣ್ಣ ಷೇರುದಾರರು.

ಮುಂದಿನದನ್ನು ಸಂಕ್ಷಿಪ್ತವಾಗಿ ಹೇಳಬಹುದು. 2014ರ ಆಗಸ್ಟ್ 24ರಂದು ಮೊದಲ ದರ್ಜೆಯ ಮೊದಲ ಪಂದ್ಯದಲ್ಲೇ ಎಯ್ಬಾರ್ ನೆರೆಯ ರಿಯಾಲ್ ಸೊಸಿಯೆದಾದ್ ತಂಡವನ್ನು 1–0ಯಿಂದ ಸೋಲಿಸಿತು. ಆ ಗೋಲು ಹೊಡೆದ ಹಾವಿ ಲಾರಾ ಮರುವರ್ಷ ಕೊಲ್ಕತ್ತಾದ ಅಟ್ಲೆಟಿಕೊ ತಂಡಕ್ಕೆ ಆಡಲು ಬಂದದ್ದನ್ನು ಇಂಡಿಯನ್ ಸೂಪರ್ ಲೀಗ್ ನೋಡಿದವರು ಬಲ್ಲರು. ಋತುವಿನ ದ್ವಿತೀಯಾರ್ಧದಲ್ಲಿ ತಂಡ ಕುಸಿದು 18ನೇ ಸ್ಥಾನಕ್ಕೆ ಜಾರಿತು. ಹಿಂಬಡ್ತಿ ಆಗಲೇಬೇಕಿತ್ತು. ಆಗ ತೆರಿಗೆ ಬಾಕಿಯ ಕಾರಣಕ್ಕೆ ಎಲ್ಚೆಯನ್ನು ಲೀಗು ಕೆಳಕ್ಕಿಳಿಸಿತು, ಎಯ್ಬಾರ್ ಉಳಿಯಿತು. ಹಿಂದಿನ ಬೇಸಿಗೆಯಲ್ಲಿ ಗಾತ್ರವನ್ನು ಅಳೆದ ನಿಯಮ ಎಯ್ಬಾರನ್ನು ಕಾಡಿತ್ತು. ಈಗ ನಿಜವಾಗಿ ಸಾಲವನ್ನೇ ಅಳೆದ ನಿಯಮ ಅದನ್ನು ಉಳಿಸಿತು. ಹಣಕಾಸು ನಿಯಂತ್ರಣವನ್ನು ಹೇಗೆ ರೂಪಿಸಬೇಕೆಂಬ ಚರ್ಚೆಗೆ ಇಷ್ಟು ಹತ್ತಿರ ಹತ್ತಿರದ ಎರಡು ಉದಾಹರಣೆಗಳು ಒಂದೇ ಕ್ಲಬ್ಬಿನಲ್ಲಿ ಸಿಗುವುದು ಅಪರೂಪ. 2015ರಲ್ಲಿ ಟಿವಿ ಹಕ್ಕುಗಳ ಸಾಮೂಹಿಕ ಮಾರಾಟದ ಕಾನೂನು ಬಂದು ಸಣ್ಣ ಕ್ಲಬ್ಬುಗಳ ಪಾಲು ಹೆಚ್ಚಿತು. ಮೆಂದಿಲಿಬಾರ್ ಮರಳಿ ಬಂದರು. 2017–18ರಲ್ಲಿ ಎಯ್ಬಾರ್ ಒಂಬತ್ತನೇ ಸ್ಥಾನ ಪಡೆಯಿತು. ಏಳು ಋತುಗಳ ನಂತರ, 2021ರಲ್ಲಿ, ಕೆಳಗಿಳಿಯಿತು.

ನನ್ನ ವಾದದ ಎರಡನೇ ಭಾಗಕ್ಕೆ ಗಟ್ಟಿಯಾದ ಸಾಕ್ಷ್ಯ ಸಿಗುವುದು ಮರುವರ್ಷ. 2021–22ರಲ್ಲಿ ಗರಿತಾನೊ ಮತ್ತೆ ತರಬೇತುದಾರರು. ಏಳು ವರ್ಷ ಮೊದಲ ದರ್ಜೆಯಲ್ಲಿದ್ದು ಬಂದ ಕ್ಲಬ್ಬಿನ ಬಳಿ 2014ರಲ್ಲಿ ಊಹಿಸಲೂ ಆಗದಷ್ಟು ಹಣವಿತ್ತು. ಕೊನೆಯ ಪಂದ್ಯ, ಅಷ್ಟರಲ್ಲಾಗಲೇ ಹಿಂಬಡ್ತಿ ಖಚಿತವಾಗಿದ್ದ ಅಲ್ಕೊರ್ಕಾನ್ ಎದುರು; ಗೆದ್ದರೆ ನೇರ ಬಡ್ತಿ. ಅಂತಿಮ ಕ್ಷಣಗಳಲ್ಲಿ ಗೋಲು ಬಿಟ್ಟುಕೊಟ್ಟು 0–1ರಿಂದ ಸೋತಿತು. ಅಲ್ಮೇರಿಯಾ 81, ವಯ್ಯಾದೊಲಿದ್ 81, ಎಯ್ಬಾರ್ 80. ಪ್ಲೇ-ಆಫ್‌ನಲ್ಲಿ ಜಿರೋನಾ ಅದನ್ನು ಹೊರಗಟ್ಟಿತು. ಅದೇ ತರಬೇತುದಾರ 71 ಪಾಯಿಂಟಿನಿಂದ ಚಾಂಪಿಯನ್ ಆಗಿದ್ದ ಲೀಗಿನಲ್ಲಿ, ಎಂಟು ವರ್ಷದ ಬಳಿಕ, 80 ಪಾಯಿಂಟೂ ಸಾಲಲಿಲ್ಲ.