ನನ್ನ ಕಪಾಟಿನಲ್ಲಿ ಇಲ್ಲದವರು

ಹೋದ ತಿಂಗಳು ಮನೆ ಬದಲಾಯಿಸಿದೆವು. ಪುಸ್ತಕಗಳನ್ನು ರಟ್ಟಿನ ಡಬ್ಬಗಳಿಗೆ ತುಂಬೋಕೆ ನನ್ನ ಹೈಸ್ಕೂಲ್ ಗೆಳೆಯನೊಬ್ಬ ಬಂದಿದ್ದ. ಹಾಸನದವನು. ಎಂಟನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು. ಒಂದೊಂದೇ ಪುಸ್ತಕ ತೆಗೆದು, ಮೇಲಿನ ಹೆಸರು ಓದಿ, ಡಬ್ಬಕ್ಕೆ ಹಾಕ್ತಾ ಹಾಕ್ತಾ ಇದ್ದಕ್ಕಿದ್ದ ಹಾಗೆ ಕೇಳಿದ: "ಎಲ್ಲಾ ಸರಿ ಕಣೋ, ಇದರಲ್ಲಿ ನಮ್ಮೋರು ಯಾರೂ ಇಲ್ವಲ್ಲೋ?"

"ಯಾಕೋ, ನಿಸಾರ್ ಅಹಮದ್ ಇದಾರಲ್ಲ" ಅಂದೆ.

"ಅವರು ಬಿಡು, ಎಲ್ಲರ ಮನೇಲೂ ಇರ್ತಾರೆ. ನಮ್ಮ ಮನೆ ಒಳಗಿನ ವಿಷಯ ಬರೆದೋರು ಇಲ್ವಲ್ಲ."

ತಮಾಷೆಗೇ ಕೇಳಿದ್ದು. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಹೊಸ ಮನೆಯಲ್ಲಿ ಡಬ್ಬ ಬಿಚ್ಚುವಾಗ ಸುಮ್ಮನೆ ಎಣಿಸುತ್ತಾ ಹೋದೆ. ಹೆಂಗಸರು ಬರೆದ ಪುಸ್ತಕಗಳು ಒಂದು ಅಡ್ಡಹಲಗೆಯ ಅರ್ಧವೂ ತುಂಬಲಿಲ್ಲ. ಅದರಲ್ಲೂ ಮುಕ್ಕಾಲು ಪಾಲು ಅಮ್ಮನ ಕಾಲದ ತ್ರಿವೇಣಿ, ಎಂ. ಕೆ. ಇಂದಿರಾ. ದಲಿತ ಲೇಖಕರೆಂದರೆ ದೇವನೂರ ಮಹಾದೇವ, ಸಿದ್ಧಲಿಂಗಯ್ಯ, ಅಲ್ಲಿಗೆ ಮುಗಿಯಿತು. ಮುಸ್ಲಿಂ ಹೆಣ್ಣುಮಕ್ಕಳು ಬರೆದದ್ದು ಒಂದೂ ಇಲ್ಲ! ನಾನು ಯಾರನ್ನೂ ಬೇಡ ಅಂದವನಲ್ಲ. ಆದರೆ ಯಾರನ್ನೂ ಹುಡುಕಿಕೊಂಡು ಹೋದವನೂ ಅಲ್ಲ. ಕೈಗೆ ಸಿಕ್ಕಿದ್ದನ್ನು ಓದಿದೆ, ಅಷ್ಟೆ. ಹಾಗಾದರೆ ಕೆಲವು ಪುಸ್ತಕಗಳು ನಮ್ಮ ಕೈಗೆ ಸುಲಭವಾಗಿ ಸಿಗೋದು ಹೇಗೆ, ಕೆಲವು ಸಿಗದೇ ಇರೋದು ಯಾಕೆ? ಅದರ ಬೆನ್ನು ಹತ್ತಿದಾಗ ತಿಳಿದ ಒಂದಿಷ್ಟು ಸಂಗತಿಗಳನ್ನು ಇಲ್ಲಿ ಹಂಚಿಕೊಳ್ತಿದ್ದೇನೆ.

ಮೊದಲು ನಂಜನಗೂಡು ತಿರುಮಲಾಂಬ. ಹುಟ್ಟಿದ್ದು 1887ರಲ್ಲಿ. ತಂದೆ ವಕೀಲರು. ಹತ್ತನೇ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದಲ್ಲಿ ಅಷ್ಟಕ್ಕೇ ಕಥೆ ಮುಗಿಯಬೇಕಿತ್ತು. ಆದರೆ ತಂದೆ ಮಗಳನ್ನು ಮನೆಯಲ್ಲಿಟ್ಟುಕೊಂಡು ಓದಿಸಿದರು. 1913ರಲ್ಲಿ ಅವರ ಮೊದಲ ಕಾದಂಬರಿ 'ಸುಶೀಲೆ' ಹೊರಬಂತು. ಪ್ರಕಾಶಕರು ಯಾರು? ಅವರೇ! 'ಸತೀಹಿತೈಷಿಣಿ' ಅಂತ ಸ್ವಂತ ಗ್ರಂಥಮಾಲೆ ಶುರುಮಾಡಿದ್ದರು. ಹೆಸರು ಕೇಳಿದರೆ ಬಲು ಸಂಪ್ರದಾಯಸ್ಥ. ಆದರೆ ಇಪ್ಪತ್ತಾರು ವರ್ಷದ ವಿಧವೆಯೊಬ್ಬಳು ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಪುಸ್ತಕ ಮಾರುವುದರಲ್ಲಿ ಸಂಪ್ರದಾಯ ಎಲ್ಲಿ ಬಂತು? ಮುಂದೆ 'ಕರ್ನಾಟಕ ನಂದಿನಿ' ಅನ್ನುವ ಮಾಸಪತ್ರಿಕೆಯನ್ನೂ ನಡೆಸಿದರು. 'ನಭಾ', 'ವಿರಾಗಿಣಿ', 'ಮಾತೃನಂದಿನಿ' ಹೀಗೆ ಪುಸ್ತಕಗಳ ಮೇಲೆ ಪುಸ್ತಕ. ಹೊಸಗನ್ನಡದ ಮೊದಲ ಲೇಖಕಿ, ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಅಂತ ಇವತ್ತು ಅವರನ್ನು ಕರೆಯುತ್ತೇವೆ.

ಇವತ್ತು ಕರೆಯುತ್ತೇವೆ ಸರಿ. ಆದರೆ ನಡುವೆ ಏನಾಯಿತು ನೋಡಿ. ತಿರುಮಲಾಂಬ ಬರೆಯುವುದನ್ನೇ ನಿಲ್ಲಿಸಿದರು, ಕನ್ನಡ ಸಾಹಿತ್ಯಲೋಕ ಅವರನ್ನು ಮರೆತೇಬಿಟ್ಟಿತು. ಬೆಂಗಳೂರಿನ ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜಿನ ಚಿ. ನ. ಮಂಗಳಾ ಅವರು ಹುಡುಕಿಕೊಂಡು ಹೋದಾಗ ತಿರುಮಲಾಂಬ ತೊಂಬತ್ತು ದಾಟಿ, ಮದರಾಸಿನಲ್ಲಿ ಇದ್ದರು. ತೀರಿಕೊಂಡದ್ದು 1982ರಲ್ಲಿ. ಅಂದರೆ ನಾನು ಕನ್ನಡ ಶಾಲೆಗೆ ಸೇರಿದ ಹೊತ್ತಿಗೂ ಕನ್ನಡದ ಮೊದಲ ಲೇಖಕಿ ಬದುಕಿದ್ದರು! ನನ್ನ ಯಾವ ಪಠ್ಯಪುಸ್ತಕದಲ್ಲೂ ಅವರ ಹೆಸರು ಓದಿದ ನೆನಪಿಲ್ಲ. ಈಗ ಆ ಕಾಲೇಜಿನ 'ಶಾಶ್ವತಿ' ಮಹಿಳಾ ಅಧ್ಯಯನ ಕೇಂದ್ರದ ಪ್ರಶಸ್ತಿಗೆ ಅವರ ಹೆಸರಿದೆ. ಮಂಗಳಾ ಅವರು ಹುಡುಕದೇ ಹೋಗಿದ್ದರೆ? ಯೋಚಿಸಿದರೆ ಎದೆ ಝಲ್ ಅನ್ನುತ್ತದೆ.

ತಿರುಮಲಾಂಬ ಕೊನೆಗಾಲದಲ್ಲಿದ್ದ ಹೊತ್ತಿನಲ್ಲೇ ಇತ್ತ ಕನ್ನಡದಲ್ಲಿ ಬೇರೆಯ ಬಾಗಿಲು ಬಡಿಯುವ ಸದ್ದು ಜೋರಾಗಿತ್ತು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಕೇಳಿದಾಗ ಕೊಡಲಿಲ್ಲ. ಅದರ ಸಿಟ್ಟಿನಲ್ಲೇ 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಮರುವರ್ಷ, 1980ರಲ್ಲಿ, 'ಲಂಕೇಶ್ ಪತ್ರಿಕೆ' ಶುರುವಾಯಿತು. ನಮ್ಮಲ್ಲಿ ಹೆಚ್ಚಿನವರು ಅದನ್ನು ರಾಜಕಾರಣಿಗಳನ್ನು ಬೈಯುವ ಕಪ್ಪು ಬಿಳುಪು ವಾರಪತ್ರಿಕೆ ಅಂತಲೇ ನೆನಪಿಟ್ಟುಕೊಂಡಿದ್ದೇವೆ. ಆದರೆ ಅದು ಮಾಡಿದ ಇನ್ನೊಂದು ಕೆಲಸ ಇದೆ.

ಕಾಸರಗೋಡಿನ ಚಂದ್ರಗಿರಿ ಹೊಳೆಯ ಕಡೆಯ ಹೆಣ್ಣುಮಗಳು ಸಾರಾ ಅಬೂಬಕ್ಕರ್. 1936ರಲ್ಲಿ ಹುಟ್ಟಿದವರು. ಮನೆಮಾತು ಮಲಯಾಳಂ, ಶಾಲೆಯಲ್ಲಿ ಕಲಿತದ್ದು ಕನ್ನಡ. ಮುಸ್ಲಿಂ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗುವುದೇ ಅಪರೂಪವಾಗಿದ್ದ ಕಾಲ ಅದು. ಮದುವೆ, ಮಕ್ಕಳು, ಸಂಸಾರ ಎಲ್ಲ ಆಗಿ ನಲವತ್ತು ದಾಟಿದ ಮೇಲೆ ಲಂಕೇಶ್ ಪತ್ರಿಕೆಗೆ ಒಂದು ಲೇಖನ ಕಳಿಸಿದರು. ನಿಮ್ಮ ಸಮುದಾಯದ ಬಗ್ಗೆ ಬರೆಯಿರಿ ಅಂತ ಲಂಕೇಶ್ ಹುರಿದುಂಬಿಸಿದರು. ಹಾಗೆ 1981ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 'ಚಂದ್ರಗಿರಿಯ ತೀರದಲ್ಲಿ'.

ಈಗ ತರಿಸಿಕೊಂಡು ಓದಿದೆ. ನಾದಿರಾ ಅನ್ನುವ ಹುಡುಗಿಯ ಕಥೆ. ಅಪ್ಪನ ಹಟಕ್ಕೆ, ಪ್ರೀತಿಸುವ ಗಂಡನಿಂದ ತಲಾಖ್ ಆಗುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು. ಮುಂದೇನಾಗುತ್ತದೆ ಅಂತ ಹೇಳುವುದಿಲ್ಲ, ನೀವೇ ಓದಿ. ಪುಸ್ತಕ ಚಿಕ್ಕದು, ಭಾಷೆ ಸರಳ, ಆಡಂಬರ ಇಲ್ಲ. ಓದಿ ಮುಗಿಸಿದ ಮೇಲೆ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಇದನ್ನು ಬರೆದದ್ದಕ್ಕೆ ಸಾರಾ ತಮ್ಮವರಿಂದಲೇ ವಿರೋಧ ಎದುರಿಸಿದರು. ಆದರೂ ಬರೆಯುವುದು ಬಿಡಲಿಲ್ಲ. 1994ರಲ್ಲಿ 'ಚಂದ್ರಗಿರಿ ಪ್ರಕಾಶನ' ಅಂತ ಸ್ವಂತ ಪ್ರಕಾಶನ ಶುರುಮಾಡಿದರು. 1913ರಲ್ಲಿ ತಿರುಮಲಾಂಬ ಮಾಡಿದ ಕೆಲಸವನ್ನೇ ಎಂಬತ್ತು ವರ್ಷಗಳ ನಂತರವೂ ಒಬ್ಬ ಲೇಖಕಿ ಮಾಡಬೇಕಾಗಿ ಬಂತು! 2023ರ ಜನವರಿಯಲ್ಲಿ ಸಾರಾ ತೀರಿಕೊಂಡರು.

ಅದೇ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದವರು, ಬಂಡಾಯದ ಜೊತೆಗೂ ಇದ್ದವರು ಹಾಸನದ ಬಾನು ಮುಷ್ತಾಕ್. ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಅಂತ ಸಿನಿಮಾ ಮಾಡಿದರು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಅವರ ಹನ್ನೆರಡು ಕಥೆಗಳು 'ಹಾರ್ಟ್ ಲ್ಯಾಂಪ್' ಆಗಿ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದವು. ಆಗ ನಾನೂ ಎಲ್ಲರ ಹಾಗೆ ಹೆಮ್ಮೆಪಟ್ಟೆ, ಗೆಳೆಯರಿಗೆಲ್ಲ ಶುಭಾಶಯ ಕಳಿಸಿದೆ. ಒಂದು ಕಥೆಯನ್ನೂ ಓದಿರಲಿಲ್ಲ :(

ಇನ್ನೊಂದು ಲೆಕ್ಕ. ಕೇಂದ್ರ ಸಾಹಿತ್ಯ ಅಕಾಡೆಮಿ ಕನ್ನಡಕ್ಕೆ ಪ್ರಶಸ್ತಿ ಕೊಡಲು ಶುರುಮಾಡಿದ್ದು 1955ರಲ್ಲಿ. ಕನ್ನಡದ ಲೇಖಕಿಯೊಬ್ಬರಿಗೆ ಅದು ಮೊದಲು ಬಂದದ್ದು 2004ರಲ್ಲಿ, ಕಲಬುರಗಿಯ ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ. ಮಿಲ್ ಕಾರ್ಮಿಕನ ಮಗಳು, ಹಿಂದುಳಿದ ಜಾತಿಯವರು, ಗುಮಾಸ್ತೆ ಕೆಲಸ ಮಾಡುತ್ತಲೇ ಓದಿ ಮೇಷ್ಟ್ರಾದವರು. ಅಲ್ಲಿಯವರೆಗೆ ನಲವತ್ತೊಂಬತ್ತು ವರ್ಷ! ಅಷ್ಟೂ ಕಾಲ ಹೆಂಗಸರು ಒಳ್ಳೆಯ ಪುಸ್ತಕ ಬರೆಯಲೇ ಇಲ್ಲ ಅಂತ ನಂಬೋದು ಹೇಗೆ?

ಇದನ್ನೆಲ್ಲ ಉತ್ಸಾಹದಿಂದ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. "ನೋಡೋ, ಎಂಥಾ ಪುಸ್ತಕ ಕಂಡುಹಿಡಿದಿದೀನಿ!"

ಅವನು ನಕ್ಕ. "ಚಂದ್ರಗಿರಿಯಾ? ನಮ್ಮಮ್ಮ ಅದನ್ನ ಪತ್ರಿಕೇಲಿ ಬರ್ತಿದ್ದಾಗಲೇ ಓದಿದಾರೆ ಕಣೋ. ಕತ್ತರಿಸಿ ಇಟ್ಕೊಂಡಿದಾರೆ. ನಿನಗೆ ಗೊತ್ತಿರಲಿಲ್ಲ, ಅಷ್ಟೇ."

ಕೆನ್ನೆಗೆ ಹೊಡೆದ ಹಾಗಾಯಿತು. ಹೌದಲ್ಲ! ಪುಸ್ತಕ ಎಲ್ಲೂ ಕಳೆದುಹೋಗಿರಲಿಲ್ಲ. ಓದುಗರೂ ಇದ್ದರು. ಹೈಸ್ಕೂಲಿನಲ್ಲಿ ಅವನ ಮನೆಗೆ ಎಷ್ಟು ಸಲ ಹೋಗಿದ್ದೇನೋ, ಬಾಗಿಲಲ್ಲೇ ನಿಂತು ಅವನನ್ನು ಕ್ರಿಕೆಟ್ಟಿಗೆ ಕರೆದು ವಾಪಸು ಬಂದಿದ್ದೇನೆ. ಅವನ ತಾಯಿ ಕನ್ನಡ ಓದುತ್ತಾರೆ ಅಂತ ಕೂಡ ನನಗೆ ಗೊತ್ತಿರಲಿಲ್ಲ.

ಹೋದ ಭಾನುವಾರ ಹಾಸನಕ್ಕೆ ಹೋಗಿದ್ದೆ. ಈ ಸಲ ಒಳಗೆ ಹೋಗಿ ಕೂತೆ. ಚಹಾ ಕೊಟ್ಟು, ಕಬ್ಬಿಣದ ಟ್ರಂಕಿನಿಂದ ಒಂದು ಕಟ್ಟು ತೆಗೆದರು. ಹಳದಿಯಾದ ಹಾಳೆಗಳು, ಅಂಚಿಗೆ ಬಿಳಿ ದಾರದ ಹೊಲಿಗೆ, ನಡುವೆ ಎರಡು ಕಂತು ಇಲ್ಲ. "ಆ ಎರಡು ವಾರ ಹೆರಿಗೆಗೆ ತವರಿಗೆ ಹೋಗಿದ್ದೆ ಕಣಪ್ಪ, ಸಿಗಲಿಲ್ಲ" ಅಂದರು. ನಾನು ತೆಗೆದುಕೊಂಡು ಹೋಗಿದ್ದ ಪುಸ್ತಕ ಕೊಟ್ಟೆ. ಆ ಕಂತುಗಳ ಜಾಗ ಹುಡುಕಿ, ಕನ್ನಡಕ ಹಾಕಿಕೊಂಡು, ಅಲ್ಲೇ ಓದೋಕೆ ಕೂತರು.

ನೀವೂ ಒಂದು ಸಲ ನಿಮ್ಮ ಕಪಾಟು ಎಣಿಸಿ ನೋಡಿ. ಯಾರಿಲ್ಲ ಅಂತ ನನಗೂ ತಿಳಿಸಿ.